ಅಕ್ಕೋರ ಅರ್ಧ ರೀಲು

ನಾನು ನಿದ್ದೆಯಲ್ಲಿ ಮಾತಾಡುತ್ತೇನಂತೆ. ಹಾಗೆಂದು ಹೇಳುವವಳು ನನ್ನ ಹೆಂಡತಿ ಶೈಲಾ. ಬೇರೆ ಸಾಕ್ಷಿಗಳಿಲ್ಲವಾದ್ದರಿಂದ ನಂಬದೆ ಗತಿಯಿಲ್ಲ. ಕೆಲವರು ನಿದ್ದೆಯಲ್ಲಿ ಹಳೆಯ ಹೆಸರುಗಳನ್ನು ಕರೆಯುತ್ತಾರೆ, ಕೆಲವರು ಹಗಲು ಆಡಲಾಗದ ಜಗಳಗಳನ್ನು ಆಡಿ ಮುಗಿಸುತ್ತಾರೆ, ನಾನು ಮಾತ್ರ ಬಲು ವಿನಯದಿಂದ, "ಉಸಿರು ಎಳ್ಕಳ್ರಿ... ಹಿಡೀರಿ... ಹಂಗೇ ಇರ್ರಿ..." ಎನ್ನುತ್ತೇನಂತೆ. "ಅಷ್ಟು ಹೇಳಿ ಗೊರಕೆ ಶುರು ಮಾಡ್ತೀರಿ. 'ಈಗ ಬಿಡ್ರಿ' ಅನ್ನೋದನ್ನ ಮರೆತೇ ಬಿಡ್ತೀರಿ. ಪಕ್ಕದಾಗೆ ನಾನು ಉಸಿರು ಹಿಡ್ಕಂಡು ಬಿದ್ದಿರಬೇಕು" ಎಂಬುದು ಅವಳ ದೂರು.

ಇದು ನನ್ನ ಗುಣವಲ್ಲ, ನನ್ನ ಉದ್ಯೋಗದ ಗುಣ. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನಾನು ಎಕ್ಸ್‌ರೇ ತೆಗೆಯುವವನು. ಕಪ್ಪು ಕೂದಲು ಹೊತ್ತು ಆ ಕಿಟಕಿಯಿಲ್ಲದ ಕೋಣೆಯನ್ನು ಹೊಕ್ಕವನು ಈಗ ಬಿಳಿಯದನ್ನು ಹೊತ್ತು ಅಲ್ಲೇ ಇದ್ದೇನೆ. ಈ ಊರಿನ ಅದೆಷ್ಟು ಪಕ್ಕೆಲುಬುಗಳು, ಮೊಣಕಾಲ ಚಿಪ್ಪುಗಳು, ಸವೆದ ಬೆನ್ನೆಲುಬುಗಳು ನನ್ನ ಕಣ್ಣೆದುರು ಬೂದುಬಣ್ಣದ ಮೋಡಗಳಂತೆ ತೇಲಿ ಹೋಗಿವೆಯೋ! ಮಂಡಿಪೇಟೆಯಲ್ಲಿ ಬೆಲ್ಲ ಕೊಳ್ಳುತ್ತ ನಿಂತಿದ್ದರೆ ಯಾರೋ ಬಂದು ಕೈಮುಗಿದು, "ಗುರ್ತು ಸಿಗ್ಲಿಲ್ಲೇನ್ರಿ ಸರ್? ನನ್ನ ಭುಜ ನೋಡಿದ್ರಲ್ಲ" ಎನ್ನುತ್ತಾರೆ. ಭುಜ ನೆನಪಿಗೆ ಬರುತ್ತದೆ, ಅದರ ಮೇಲಿದ್ದ ಮುಖ ಬರುವುದಿಲ್ಲ. ಜನರ ಅಂತರಂಗವನ್ನು ನೋಡುವುದೇ ನನ್ನ ಕಸುಬು ಎಂದು ಹೊಸಬರ ಮುಂದೆ ಜಂಬ ಕೊಚ್ಚಿಕೊಂಡದ್ದುಂಟು. ಆದರೆ ಬಹಿರಂಗದ ಪರಿಚಯವೇ ಇಲ್ಲದ ಅಂತರಂಗ ಎಂಥದ್ದು ಎಂದು ಒಳಗೊಳಗೇ ನಾಚಿಕೊಂಡದ್ದೂ ಉಂಟು.

ಅಂಥ ನನ್ನ ಕೋಣೆಗೆ ಒಂದು ಮಧ್ಯಾಹ್ನ, ಬಲಗೈಯನ್ನು ದುಪ್ಪಟಿಯಲ್ಲಿ ಕಟ್ಟಿ ಕುತ್ತಿಗೆಗೆ ತೂಗುಹಾಕಿಕೊಂಡ ಹೆಂಗಸೊಬ್ಬರು ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಗಿಡ್ಡ ಕೂದಲು, ನೂಲಿನ ಸೀರೆ, ಸೀರೆಗೆ ಹೊಂದದ ಕ್ಯಾನ್‌ವಾಸ್ ಬೂಟು. ಎಡಗೈಯಲ್ಲಿ ಒಂದು ಹಳೆಯ ಕ್ಯಾಮೆರಾವನ್ನು, ಎದೆಗೂಸನ್ನು ಹಿಡಿದ ಹಾಗೆ ಒತ್ತಿ ಹಿಡಿದಿದ್ದರು. ಹರಿಹರದಲ್ಲಿ ಹೊಳೆಯ ಮೆಟ್ಟಿಲ ಮೇಲೆ ಇಬ್ಬರು ಅಗಸರು ಒದ್ದೆ ಚಾದರವನ್ನು ಎರಡು ಕಡೆ ಹಿಡಿದು ಕೊಡವುತ್ತಿದ್ದಾಗ ಇವರು ಅದರ ಒಂದು ಚಿತ್ರ ತೆಗೆದು, ಇನ್ನೊಂದಕ್ಕೆಂದು ಹಿಂದೆ ಹಿಂದೆ ಹೆಜ್ಜೆಯಿಟ್ಟು, ಹಿಂದೆ ಮೆಟ್ಟಿಲು ಮುಗಿದದ್ದನ್ನು ನೋಡದೆ ಬಿದ್ದಿದ್ದರು. ಕ್ಯಾಮೆರಾ ನೆಲಕ್ಕೆ ತಾಗಬಾರದೆಂದು ಎಡಗೈಯನ್ನು ಮೇಲೆತ್ತಿದ್ದರಿಂದ ಇಡೀ ದೇಹದ ಭಾರವನ್ನು ಬಲ ಮಣಿಕಟ್ಟೇ ಹೊತ್ತುಕೊಂಡಿತ್ತು.

ಮೇಜಿನ ಮೇಲೆ ಅವರ ಕೈಯನ್ನು ಮೆಲ್ಲಗೆ ಇಡಿಸಿ, ಬಾಯಿಪಾಠದಂತೆ "ಉಸಿರು ಹಿಡೀರಿ" ಎಂದೆ.

"ಮುರಿದಿರೋದು ಕೈ ಅಲ್ಲೇನ್ರಿ? ಅದಕ್ಕೂ ಉಸಿರಿಗೂ ಏನು ಸಂಬಂಧ?" ಎಂದರು, ಅಷ್ಟು ನೋವಿನಲ್ಲೂ.

"ರೂಢಿ ಆಗಿಬಿಟ್ಟೈತೆ ಅಮ್ಮಾ" ಎಂದು ತಡವರಿಸಿದೆ.

"ಒಳ್ಳೇ ರೂಢಿ. ನಾನೂ ಗುಂಡಿ ಒತ್ತೋವಾಗ ಉಸಿರು ಹಿಡೀತೀನಿ. ಹಿಡೀದಿದ್ರೆ ಚಿತ್ರ ಅಲ್ಲಾಡ್ತೈತೆ."

ಚಿತ್ರ ಮುಗಿಯುವವರೆಗೆ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟಿದ್ದರು. ಅವರನ್ನು ವೈದ್ಯರ ಕೋಣೆಗೆ ಕರೆದೊಯ್ಯುವಾಗ ಅದು ನನ್ನಲ್ಲೇ ಉಳಿಯಿತು, ಮತ್ತು ನಾನು ಸುಮ್ಮನಿರಲಾರದೆ ಅದರ ಪುಟ್ಟ ಕಿಂಡಿಗೆ ಕಣ್ಣಿಟ್ಟೆ. ಗೆಳೆಯರೆ, ಆ ಕ್ಷಣವನ್ನು ಹೇಗೆ ಹೇಳಲಿ! ಕಿಂಡಿಯ ನಟ್ಟನಡುವೆ ಜೇನಿನ ಬಣ್ಣದ ಒಂದು ಚಿಕ್ಕ ಚೌಕ. ಆ ಚೌಕದೊಳಗೆ ಎದುರಿನ ಬೆಂಚಿನ ಮೇಲೆ ಕುಳಿತಿದ್ದ ಮುದುಕಪ್ಪ ಇಬ್ಬರಾಗಿದ್ದ, ಒಬ್ಬ ಗಟ್ಟಿಯಾಗಿ, ಇನ್ನೊಬ್ಬ ನೀರಿನ ಮೇಲಿನ ನೆರಳಿನಂತೆ. ಮಸೂರದ ಬಳೆಯನ್ನು ಬೆರಳಿನಿಂದ ತಿರುಗಿಸಿದರೆ ನೆರಳಿನ ಮುದುಕಪ್ಪ ತೇಲುತ್ತ ಬಂದು ಗಟ್ಟಿ ಮುದುಕಪ್ಪನ ಮೈಯೊಳಗೆ ಸೇರಿಕೊಂಡ. ಇಬ್ಬರೂ ಒಂದಾದ ಆ ಗಳಿಗೆಯಲ್ಲಿ ಅವನ ಮುಖ, ಗಲ್ಲದ ಮೇಲಿನ ಬಿಳಿ ಕುರುಚಲು, ಔಷಧಿ ಚೀಟಿಯನ್ನು ಮಡಿಚಿ ಮಡಿಚಿ ಸಣ್ಣದು ಮಾಡುತ್ತಿದ್ದ ಅವನ ಬೆರಳುಗಳು, ಎಲ್ಲವೂ ನನ್ನತ್ತ ನಡೆದು ಬಂದಂತಾಯಿತು. ಎಷ್ಟು ವರ್ಷಗಳಿಂದ ಅದೇ ಬೆಂಚನ್ನು ದಾಟಿ ಹೋಗುತ್ತಿದ್ದೆ! ಅಲ್ಲಿ ಜನ ಕೂರುತ್ತಾರೆಂಬುದು ಅಂದು ಗೊತ್ತಾಯಿತು.

ಪ್ಲಾಸ್ಟರ್ ಹಾಕಿಸಿಕೊಂಡು ಮರಳಿದ ಅವರು ನನ್ನನ್ನು ಆ ಸ್ಥಿತಿಯಲ್ಲೇ ಹಿಡಿದರು. ಕ್ಯಾಮೆರಾ ಇಸಿದುಕೊಂಡು ಹೊರಟರು. ಆದರೆ ಕೆಲವು ವಾರಗಳ ನಂತರ ಮತ್ತೊಮ್ಮೆ ತೋರಿಸಲು ಬಂದಾಗ ಕ್ಯಾಮೆರಾವನ್ನು ಅದರ ಚರ್ಮದ ಚೀಲದ ಸಮೇತ ನನ್ನ ಮೇಜಿನ ಮೇಲಿಟ್ಟರು.

"ಕೈ ನೆಟ್ಟಗಾಗೋಕೆ ಇನ್ನೂ ಹೊತ್ತು ಬೇಕಂತೆ. ಆದ್ರೂ ಮೊದಲಿನಂಗೆ ಆಗ್ತೈತೆ ಅಂತ ಡಾಕ್ಟ್ರು ಹೇಳ್ತಿಲ್ಲ. ನಮ್ಮನೆ ಹೊಳೆ ಹತ್ರ, ತಂಪು ಜಾಸ್ತಿ. ಬಳಸದೆ ಇಟ್ರೆ ಮಸೂರಕ್ಕೆ ಬೂಷ್ಟು ಹಿಡೀತೈತೆ. ನೀವು ಇಟ್ಕಳ್ರಿ. ಒಳಗೆ ಅರ್ಧ ರೀಲು ನಾನು ತೆಗೆದಿದ್ದೈತೆ. ಉಳಿದರ್ಧ ನಿಮ್ದು. ಮುಗಿದ ಮ್ಯಾಲೆ ಹರಿಹರಕ್ಕೆ ಬರ್ರಿ, ತೊಳೆಯೋಣ."

"ಇದೆಲ್ಲ ನನಗೆ ಬರಾಂಗಿಲ್ರೀ" ಎಂದೆ.

"ಯಾರಿಗೆ ಬರ್ತಿತ್ತು?" ಎಂದು ಎದ್ದು ಹೋದರು.

ಅವರು ಹರಿಹರದ ಶಾಲೆಯೊಂದರಲ್ಲಿ ಬಹುಕಾಲ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಊರಿಗೆಲ್ಲ 'ಡ್ರಾಯಿಂಗ್ ಅಕ್ಕೋರು'. ನನಗೂ ಅಕ್ಕೋರೇ ಆದರು. ನಾನು ಅವರ ಬಾಯಲ್ಲಿ 'ರೀ' ಇಂದ 'ತಮ್ಮಾ'ಕ್ಕೆ ಇಳಿದೆ, ಅಥವಾ ಏರಿದೆ.

ಮೊದಲ ಭಾನುವಾರ ಕ್ಯಾಮೆರಾ ತೂಗುಹಾಕಿಕೊಂಡು ದಾವಣಗೆರೆಯ ಬೀದಿಗಿಳಿದಾಗ ನನಗಾದ ಸಂಕೋಚ ಮದುಮಗನಿಗೂ ಆಗಿರಲಾರದು. ಮಂಡಕ್ಕಿ ಭಟ್ಟಿಗಳ ಓಣಿಗೆ ಹೋದೆ. ಆ ಓಣಿಯ ಬೆಳಗು ನಿಮಗೆ ಗೊತ್ತಿದ್ದರೆ ವರ್ಣಿಸುವುದು ಬೇಡ, ಗೊತ್ತಿಲ್ಲದಿದ್ದರೆ ವರ್ಣಿಸಿ ಮುಗಿಯುವುದಿಲ್ಲ: ಹೊಗೆಯೊಳಗೆ ಬಿಸಿಲು ಕೋಲು ಕೋಲಾಗಿ ಇಳಿದಿರುತ್ತದೆ, ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು ದೂರದ ಮಳೆಯಂತೆ ಕೇಳುತ್ತದೆ, ಮಸಿ ಮೆತ್ತಿದ ಗೋಡೆಗಳ ನಡುವೆ ಬಿಳಿಯ ಮಂಡಕ್ಕಿ ರಾಶಿ ಮಾತ್ರ ಯಾರೋ ಈಗಷ್ಟೇ ಸುರಿದ ಬೆಳ್ಳನೆಯ ನಿದ್ದೆಯಂತೆ ಬಿದ್ದಿರುತ್ತದೆ. ನಾನು ಒಂದು ಬಾಗಿಲ ಮುಂದೆ ನಿಂತು ಬಳೆ ತಿರುಗಿಸಿದೆ, ನೆರಳು ನಿಜವನ್ನು ಕೂಡಿತು, ಉಸಿರು ಹಿಡಿದು ಒತ್ತಿದೆ. ಮೊಗ್ಗು ಚಿವುಟಿದಷ್ಟು ಸಣ್ಣ ಸದ್ದು. ಇನ್ನೊಂದು. ಮತ್ತೊಂದು. ಚೀಲ ಹೊರುತ್ತಿದ್ದವನೊಬ್ಬ, "ಯಾವ ಪೇಪರ್ರು ಸರ್?" ಎಂದು ಕೇಳಿದ. ಯಾವ ಪೇಪರೂ ಅಲ್ಲ ಎಂದೆ. "ಮತ್ಯಾಕ?" ಎಂದ. ನಕ್ಕೆ. ಅವನೂ ನಕ್ಕು ಹೊರಟುಹೋದ. ಆ 'ಮತ್ಯಾಕ' ನನ್ನ ಹಿಂದೆಯೇ ಮನೆಯವರೆಗೂ ಬಂತು.

ಆ ಸಂಜೆಯೇ ಬಸ್ಸು ಹತ್ತಿ, ಬಾತಿಯ ಕೆರೆ ಗುಡ್ಡಗಳನ್ನು ಹಾದು, ಅಕ್ಕೋರ ಮನೆಗೆ ಓಡಿದೆ. ನನ್ನ ಸಾಹಸವನ್ನು ಸವಿಸ್ತಾರವಾಗಿ ಹೇಳಿ, ಹೇಗೆ ನಿಂತೆ, ಹೇಗೆ ಒತ್ತಿದೆ ಎಂದು ಅಭಿನಯಿಸಿ ತೋರಿಸಲು ಕ್ಯಾಮೆರಾ ಎತ್ತಿ ಅವರತ್ತ ಹಿಡಿದೆ. ಅಕ್ಕೋರು ನನ್ನನ್ನೇ ನೋಡಿದರು.

"ತಮ್ಮಾ, ಭಟ್ಟಿ ಹತ್ರಾನೂ ಹಿಂಗೇ ತೆಗೆದ್ಯಾ?"

"ಹೂಂ ಅಕ್ಕೋರೆ."

"ಮುಚ್ಚಳ ಹಾಕ್ಕಂಡೇ?"

ಮಸೂರದ ಮೇಲೆ ಕಪ್ಪು ಮುಚ್ಚಳ ಭದ್ರವಾಗಿ ಕುಳಿತಿತ್ತು. ಈ ಬಗೆಯ ಕ್ಯಾಮೆರಾದಲ್ಲಿ ನಾವು ನೋಡುವ ಕಿಂಡಿಯೇ ಬೇರೆ, ಅದು ನೋಡುವ ಮಸೂರವೇ ಬೇರೆ. ಅದು ಕಣ್ಣು ಮುಚ್ಚಿ ನಿಂತಿದ್ದರೂ ನಮಗೆ ಜಗತ್ತೆಲ್ಲ ಝಗಝಗಿಸುತ್ತದೆ. ಅಕ್ಕೋರು ನಕ್ಕ ನಗುವಿಗೆ ಪ್ಲಾಸ್ಟರಿನೊಳಗಿನ ಕೈ ನೋವಾಗಿ "ಅಯ್ಯೋ, ಅಯ್ಯೋ" ಎನ್ನುತ್ತ ಮತ್ತೆ ನಕ್ಕರು. ಆಮೇಲೆ ಚಹಾ ಮಾಡಲು ಹೇಳಿದರು. ಅವರ ಒಂದು ಕೈಗೆ ಆಗದ ಕೆಲಸಗಳನ್ನು ನಾನು ಮಾಡುವುದು ಅಂದಿನಿಂದ ನಮ್ಮ ಗುರುದಕ್ಷಿಣೆಯ ಒಪ್ಪಂದವಾಯಿತು.

ಮುಂದಿನ ಪಾಠ ಗುಡಿಯಲ್ಲಿ. ಅಕ್ಕೋರು ನನ್ನನ್ನು ಹರಿಹರೇಶ್ವರನ ಮುಂದೆ ನಿಲ್ಲಿಸಿದರು. ಒಂದೇ ಶಿಲೆಯಲ್ಲಿ ಒಂದು ಪಕ್ಕ ಹರ, ಇನ್ನೊಂದು ಪಕ್ಕ ಹರಿ. ನಡುವೆ ಗೆರೆಯೇ ಕಾಣದಂತೆ ಇಬ್ಬರೂ ಕೂಡಿ ನಿಂತಿದ್ದಾರೆ.

"ನೋಡು, ಹರಿ ಬ್ಯಾರೆ ಹರ ಬ್ಯಾರೆ ಕಾಣ್ತಿರೋವರೆಗೂ ಒತ್ತಬ್ಯಾಡ. ಇಬ್ಬರೂ ಒಂದಾದ್ರಾ, ಒತ್ತು. ನಮ್ಮೂರಾಗೆ ಇದನ್ನ ಯಾರಿಗೂ ಎರಡು ಸರ್ತಿ ಹೇಳಬೇಕಾಗಿಲ್ಲ" ಎಂದರು. ಅರ್ಚಕರು ತೀರ್ಥ ಕೊಡುತ್ತ, ಅಕ್ಕೋರು ಯಾವ ವೇದಾಂತ ಹೇಳುತ್ತಿದ್ದಾರೆಂದು ಕುತೂಹಲದಿಂದ ಕಿವಿಗೊಟ್ಟಿದ್ದರು.

ಹೊರಗೆ ಬಂದ ಮೇಲೆ ಇನ್ನೊಂದು ಮಾತು ಹೇಳಿದರು. "ಬೀದಿಯಾಗೆ ಹೋದ ತಕ್ಷಣ ತೆಗೀಬ್ಯಾಡ. ಮೊದ್ಲು ಚಾ ಕುಡಿ. ನಿಂತ್ಕೊ. ನೀನು ಅಲ್ಲಿಯವನೇ ಅನ್ನಿಸೋವರೆಗೂ ನಿಂತ್ಕೊ."

ಹಾಗೆ ನಿಲ್ಲುವುದನ್ನು ಕಲಿತೆ. ನಿಲ್ಲುವುದನ್ನೂ ಕಲಿಯಬೇಕಾಗುತ್ತದೆಂದು ನನಗೆ ತಿಳಿದಿರಲಿಲ್ಲ. ಭಾನುವಾರಗಳು ಉದ್ದವಾದವು. ಗಡಿಯಾರ ಕಂಬದ ಬಳಿ, ಬಟ್ಟೆ ಅಂಗಡಿಗಳ ಮುಂದಿನ ಗೊಂಬೆಗಳಿಗೆ ಸೀರೆ ಉಡಿಸುವ ಹೆಂಗಸು ಗೊಂಬೆಯ ಸೊಂಟಕ್ಕೆ ನೆರಿಗೆ ಸಿಕ್ಕಿಸುವಾಗ ತಾನೂ ತುಸು ಉಸಿರು ಹಿಡಿಯುವುದನ್ನು ಕಂಡೆ. ರೈಲ್ವೆ ಗೇಟು ಬಿದ್ದಾಗ ಎರಡೂ ಬದಿಯ ಜನ ಒಬ್ಬರನ್ನೊಬ್ಬರು ಬೇರೆ ದೇಶದವರೆಂಬಂತೆ ದಿಟ್ಟಿಸುವುದನ್ನು ಕಂಡೆ. ಬೆಣ್ಣೆದೋಸೆಯ ಹೋಟೆಲಿನ ಮುಂದೆ ಕಾಯುವವರ ಮುಖಗಳಲ್ಲಿ ಒಂದು ವಿಚಿತ್ರ ಭಕ್ತಿಯಿರುತ್ತದೆ; ದೋಸೆ ಸಿಕ್ಕ ಕೂಡಲೇ ಅದು ಮಾಯವಾಗುವುದನ್ನೂ ಕಂಡೆ. ಉಳಿದಿರುವುದು ಅರ್ಧ ರೀಲು, ಅದರಲ್ಲೂ ಮುಚ್ಚಳಕ್ಕೆ ಬಲಿಯಾದದ್ದು ಕಳೆದು ಸ್ವಲ್ಪವೇ; ಆದ್ದರಿಂದ ಹೆಚ್ಚು ಸಲ ಒತ್ತದೆಯೇ ಬಂದೆ. ಒತ್ತದ ಚಿತ್ರಗಳು ಕಣ್ಣಲ್ಲೇ ಉಳಿದು, ಆಸ್ಪತ್ರೆಯ ಕೆಲಸದ ನಡುವೆ ಸುಮ್ಮಸುಮ್ಮನೆ ಮೇಲೆ ತೇಲುತ್ತಿದ್ದವು. ಕೋಣೆಗೆ ಬಂದವರ ಹೆಸರು ಕೇಳುವ ಮುನ್ನ ಮುಖ ನೋಡತೊಡಗಿದೆ. "ಏನ್ರಿ ಹಂಗ್ ನೋಡ್ತೀರಿ, ಮುಖಕ್ಕೂ ಏನಾರ ಆಗೈತಾ?" ಎಂದು ಒಬ್ಬ ಅಜ್ಜಿ ಗಾಬರಿಯಾದದ್ದೂ ಆಯಿತು.

ಹೀಗೆ ನಾನು ನನ್ನಷ್ಟಕ್ಕೆ ಸುಖವಾಗಿದ್ದಾಗ ಆ ಭಾನುವಾರ ಬಂತು.

ಬೆಳಗಿನ ಹೊತ್ತು ಹೈಸ್ಕೂಲ್ ಮೈದಾನಕ್ಕೆ ಹೋಗಿದ್ದೆ. ಸೂರ್ಯ ಆಗಷ್ಟೇ ಮರಗಳ ಮೇಲೆ ಬಂದಿದ್ದ. ವಾಕಿಂಗಿನವರ ನೆರಳುಗಳು ಅವರಿಗಿಂತ ಉದ್ದವಾಗಿ ಮುಂದೆ ಮುಂದೆ ಓಡುತ್ತಿದ್ದವು. ಮೈದಾನದ ಆಚೆ ಮೂಲೆಯಲ್ಲಿ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ಸ್ಕೂಟಿ ಕಲಿಯುತ್ತಿದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದು, ತಲೆಗಿಂತ ದೊಡ್ಡದಾದ ಹೆಲ್ಮೆಟ್ ಹಾಕಿಕೊಂಡಿದ್ದಳು. ಅವಳ ಗೆಳತಿ ಹಿಂದಿನ ಸೀಟು ಹಿಡಿದು, ಚಪ್ಪಲಿ ಬಿಟ್ಟು ಓಡುತ್ತಿದ್ದಳು. ನಾನು ಬೇಕಾದಷ್ಟು ಹೊತ್ತು ನಿಂತಿದ್ದೆ. ಒಮ್ಮೆ ಗೆಳತಿ ಕೈ ಬಿಟ್ಟಳು. ಗಾಡಿಯ ಮೇಲಿದ್ದವಳಿಗೆ ಅದು ತಿಳಿಯಲಿಲ್ಲ. ತಿಳಿಯದೆಯೇ ಅವಳು ತನ್ನಷ್ಟಕ್ಕೆ, ಯಾರ ಆಸರೆಯೂ ಇಲ್ಲದೆ, ಬಿಸಿಲಿನೊಳಗೆ ತೇಲಿಬಂದಳು. ಮುಖದ ತುಂಬ ಭಯ, ಭಯದ ಅಂಚಿನಲ್ಲಿ ಇಷ್ಟೇ ಇಷ್ಟು ನಗು. ಎರಡು ಬಿಂಬ ಒಂದಾದವು. ಒತ್ತಿದೆ. ನಾನು ತೆಗೆದದ್ದರಲ್ಲೆಲ್ಲ ಅದೇ ಚಿತ್ರವಾಗಿತ್ತು ಎಂದು ಇಂದಿಗೂ ನನ್ನ ಬೆರಳಿಗೆ ಗೊತ್ತು.

ಅವಳು ನನ್ನನ್ನು ಕಂಡಳು. ಗಾಡಿ ಓಲಾಡಿ ನಿಂತಿತು. ಗೆಳತಿ ಓಡಿ ಬಂದು ರೇಗಿದಳು.

"ಯಾರ್ರೀ ನೀವು? ಹೇಳ್ದೆ ಕೇಳ್ದೆ ಯಾಕ ಫೋಟೋ ತೆಗೆದ್ರಿ? ಡಿಲೀಟ್ ಮಾಡ್ರಿ ಮೊದ್ಲು!"

"ಇದರಾಗೆ ಡಿಲೀಟ್ ಅನ್ನೋದು ಇಲ್ಲಮ್ಮಾ. ರೀಲು ಹಾಕೋದು" ಎಂದು ಕ್ಯಾಮೆರಾದ ಬೆನ್ನು ತೋರಿಸಿದೆ. ಅಲ್ಲಿ ಪರದೆಯಿಲ್ಲ, ಸವೆದ ಕಪ್ಪು ಚರ್ಮ ಮಾತ್ರ.

"ಸುಳ್ಳು ಹೇಳಬ್ಯಾಡ್ರಿ!"

ವಾಕಿಂಗಿನವರು ಸೇರಿದರು. ಒಬ್ಬರು, "ರೀಲಿನದು ಹೌದಮ್ಮ, ನಮ್ಮಣ್ಣನ ಹತ್ರ ಇತ್ತು" ಎಂದರು. ಇನ್ನೊಬ್ಬರು, "ಹೋಗ್ಲಿ ಬಿಡವ್ವಾ, ಮರ್ಯಾದಸ್ಥರಂಗೆ ಕಾಣ್ತಾರೆ" ಎಂದು ನನ್ನ ಪರ ವಹಿಸಿದರು. ನನಗೆ ಆ ಮಾತು ಹಿತವೆನಿಸಿತು. ಆಗ ಗಾಡಿಯವಳು ಹೆಲ್ಮೆಟ್ ತೆಗೆದಳು. ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ನನ್ನೆದುರು ಬಂದು ನಿಂತಳು.

"ನೋಡ್ರಿ ಸರ್. ನಮ್ಮ ಮನೆ ಶಾಮನೂರಿನಾಗೆ. ಗುಡಿಗೆ ಹೋಗ್ತೀನಿ ಅಂತ ಹೇಳಿ ಬಂದೀನಿ. ಗಾಡಿ ಕಲಿತ್ರೆ ಆವರಗೆರೆ ಹತ್ರ ಒಂದು ಕೆಲಸ ಸಿಗ್ತೈತೆ, ಬಸ್ಸಿಗೆ ಕಾಯ್ತಾ ಕೂತ್ರೆ ಆ ಕೆಲಸ ಆಗಾಂಗಿಲ್ಲ. ಈಗ್ಲೇ ಗೊತ್ತಾದ್ರೆ ಮನ್ಯಾಗೆ ಬ್ಯಾಡ ಅಂತಾರೆ. ಕಲಿತ ಮ್ಯಾಲೆ ನಾನೇ ಹೇಳೋಳಿದೀನಿ. ನಾನೇ ಹೇಳ್ಬೇಕು. ಯಾರೋ ಫೋಟೋ ತೋರ್ಸಿ ಹೇಳಬಾರ್ದು."

"ಯಾರಿಗೂ ತೋರ್ಸಲ್ಲಮ್ಮಾ, ಮಾತು ಕೊಡ್ತೀನಿ."

"ನೀವು ಯಾರಂತಾನೇ ನಂಗೊತ್ತಿಲ್ಲ. ಹೆಂಗೆ ನಂಬ್ಲಿ?"

ನಾನು ಮರ್ಯಾದಸ್ಥನೆಂದು ನನಗೆ ಗೊತ್ತು. ಅದು ನನ್ನ ಮುಖದ ಮೇಲೆ ಬರೆದಿಲ್ಲ, ಬರೆದಿದ್ದರೂ ಓದಬೇಕೆಂಬ ಹಂಗು ಅವಳಿಗಿಲ್ಲ. ಅವಳು ಬೇಡುತ್ತಿದ್ದುದು ಬಹಳ ಸಣ್ಣದು: ತನ್ನ ಸುದ್ದಿಯನ್ನು ತಾನೇ ಹೇಳುವ ಹಕ್ಕು. ಆದರೆ ಕ್ಯಾಮೆರಾದ ಬೆನ್ನು ತೆರೆದರೆ ಹೋಗುವುದು ಅವಳ ಚಿತ್ರವೊಂದೇ ಅಲ್ಲ. ಆ ಸುರುಳಿಯ ಮೊದಲರ್ಧ ಅಕ್ಕೋರದ್ದು. ಮೊದಲಿನಂತಾಗುವ ಭರವಸೆಯಿಲ್ಲದ ಆ ಕೈ ಕೊನೆಯದಾಗಿ ತೆಗೆದದ್ದಿರಬಹುದು. ಹಳೆಯ ಕಾಲದಲ್ಲಿ ಎಕ್ಸ್‌ರೇ ಹಾಳೆಗಳನ್ನು ಕತ್ತಲೆಕೋಣೆಯಲ್ಲಿ ತೊಳೆಯುತ್ತಿದ್ದ ನನಗೆ, ತೊಳೆಯದ ಹಾಳೆಗೆ ಒಂದು ಗೆರೆ ಬೆಳಕು ತಾಗಿದರೆ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಲ್ಲ ಹೋಗುತ್ತದೆ, ಅಷ್ಟೆ.

ನಾನು ಬೆನ್ನಿನ ಕೊಂಡಿ ಎಳೆದೆ.

ಬಿಸಿಲು ಒಳಗೆ ನುಗ್ಗಿತು. ಬೂದು ಬಣ್ಣದ ರೀಲು, ನೀರಿನಿಂದ ತೆಗೆದ ಮೀನಿನಂತೆ ಒಮ್ಮೆ ಹೊಳೆಯಿತು. ಒಂದು ಉಸಿರಿನಷ್ಟು ಹೊತ್ತು ಹಾಗೆಯೇ ಹಿಡಿದಿದ್ದು, ಮುಚ್ಚಿದೆ.

"ಆಯ್ತು. ಹೋಯ್ತು" ಎಂದೆ.

ಜನ ಚದುರಿದರು. ಅವಳು ಮಾತ್ರ ಅಲ್ಲೇ ನಿಂತು ನನ್ನ ಮುಖ ನೋಡಿದಳು. "ಅದರಾಗೆ ಬ್ಯಾರೆ ಏನಾರ ಇತ್ತಾ ಸರ್?"

"ಇತ್ತು. ನಮ್ಮ ಅಕ್ಕೋರು ತೆಗೆದಿದ್ದು."

ಅವಳು ಕ್ಯಾಮೆರಾವನ್ನೊಮ್ಮೆ ನೋಡಿದಳು. ಗೆಳತಿ ಕರೆದಳು, ಹೋದಳು.

ಆ ದಿನ ಹರಿಹರದ ಬಸ್ಸು ಎಂದಿಗಿಂತ ವೇಗವಾಗಿ ಓಡಿತು. ಊರು ಬರದಿರಲಿ ಎಂದು ಬಯಸುವ ಪ್ರಯಾಣಿಕನಿಗೆ ಚಾಲಕರು ಯಾವಾಗಲೂ ಹೀಗೆಯೇ ಉಪಕಾರ ಮಾಡುತ್ತಾರೆ. ಅಕ್ಕೋರು ಅಡುಗೆಮನೆಯಲ್ಲಿ ಒಂದೇ ಕೈಯಲ್ಲಿ ಅಕ್ಕಿ ತೊಳೆಯುತ್ತಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವರು ತಿರುಗಲಿಲ್ಲ, ಅಕ್ಕಿಯ ನೀರನ್ನು ಬಸಿದರು, ಮತ್ತೆ ನೀರು ಹಾಕಿದರು, ಮತ್ತೆ ಬಸಿದರು. ತೊಳೆದು ತೊಳೆದು ನೀರು ತಿಳಿಯಾದ ಮೇಲೂ ತೊಳೆಯುತ್ತಲೇ ಇದ್ದರು.

"ನನಗೊಂದು ಫೋನ್ ಮಾಡಬೇಕು ಅನ್ನಿಸಲಿಲ್ಲೇನು?" ಎಂದರು ಕೊನೆಗೆ.

ನನಗೆ ಅದು ಹೊಳೆದೇ ಇರಲಿಲ್ಲ. ಕಿಸೆಯಲ್ಲೇ ಫೋನಿತ್ತು.

"ಮಾಡಿದ್ರೆ ನಾನೂ ತೆಗೆದುಬಿಡು ಅಂತಿದ್ದೆ. ಆದ್ರೂ ಕೇಳಬೇಕಿತ್ತು ತಮ್ಮಾ."

"ತಪ್ಪಾಯ್ತು ಅಕ್ಕೋರೆ."

ಅವರು ಪಾತ್ರೆ ಕೆಳಗಿಟ್ಟು ಬಂದು ಕುರ್ಚಿಯ ಮೇಲೆ ಕುಳಿತರು. ಕಿಟಕಿಯಾಚೆ ಹೊಳೆ ನಿಧಾನವಾಗಿ ಹರಿಯುತ್ತಿತ್ತು. ಅದನ್ನೇ ನೋಡುತ್ತ, "ಸುರುಳಿ ಬಿಚ್ಚಿ ಎಳೆದ್ಯಾ?" ಎಂದರು.

"ಇಲ್ಲ. ತೆಗೆದೆ, ಮುಚ್ಚಿದೆ."

"ಹಂಗಾದ್ರೆ ತೊಳೆದು ನೋಡೋಣ."

ತೊಳೆದವನು ನಾನು, ಹೇಳಿದವರು ಅವರು. ಹೊದಿಕೆಗಳ ಕೆಳಗೆ ಕೈ ಹಾಕಿ ಕತ್ತಲಲ್ಲಿ ರೀಲನ್ನು ಡಬ್ಬಿಗೆ ಸುತ್ತುವಾಗ, ಎಷ್ಟೋ ಕಾಲದಿಂದ ಮಲಗಿದ್ದ ನನ್ನ ಬೆರಳುಗಳು ಎಚ್ಚೆತ್ತವು. ಔಷಧದ ಆ ಹುಳಿವಾಸನೆ ಮೂಗಿಗೆ ಬಂದದ್ದೇ ತಡ, ಗಣಕಯಂತ್ರಗಳು ಬರುವ ಮುಂಚಿನ ನಮ್ಮ ಆಸ್ಪತ್ರೆಯ ಕತ್ತಲೆಕೋಣೆ, ಅದರ ತೊಟ್ಟಿಗಳು, ಅಲ್ಲಿ ತಾನಾಗಿ ಮೂಡಿಬರುತ್ತಿದ್ದ ಬಿಳಿ ಎಲುಬುಗಳು, ಎಲ್ಲವೂ ಅಕ್ಕೋರ ಬಚ್ಚಲಿಗೆ ಬಂದು ನೆರೆದವು. ರೀಲನ್ನು ನೀರಿನಿಂದೆತ್ತಿ ಕಿಟಕಿಯ ಬೆಳಕಿಗೆ ಹಿಡಿದೆವು.

ಕೊನೆಯ ಭಾಗ ಕಡುಗಪ್ಪು. ಮೈದಾನ, ಸ್ಕೂಟಿ, ಭಯದ ಅಂಚಿನ ನಗು, ಎಲ್ಲ ಆ ಕಪ್ಪಿನಲ್ಲಿ ಶಾಶ್ವತವಾಗಿ ಮುಳುಗಿದ್ದವು. ಅವಳಿಗೆ ಕೊಟ್ಟ ಮಾತು ಉಳಿದಿತ್ತು. ಆದರೆ ಹಿಂದೆ ಹಿಂದೆ ಹೋದಂತೆ ಕಪ್ಪು ತೆಳುವಾಗುತ್ತ ಬಂತು. ಹಾಳೆಯಲ್ಲ ಇದು, ಸುರುಳಿ. ಮೊದಲು ತೆಗೆದ ಚಿತ್ರಗಳು ಒಳಗೆ ಸುತ್ತಿಕೊಳ್ಳುತ್ತವೆ, ಆಮೇಲಿನವು ಅವುಗಳ ಮೇಲೆ ಕಂಬಳಿಯಂತೆ ಹೊದೆಯುತ್ತವೆ. ಹೊರಗಿನ ಸುತ್ತುಗಳು ಸುಟ್ಟುಹೋಗಿ ಒಳಗಿನವನ್ನು ಕಾದಿದ್ದವು. ಅಕ್ಕೋರ ಹೊಳೆ ಅಲ್ಲಿತ್ತು. ಮೆಟ್ಟಿಲುಗಳಿದ್ದವು. ಸೇತುವೆಯ ಮೇಲೆ ಸೈಕಲ್ ತಳ್ಳುತ್ತ ನಡೆದಿದ್ದ ಮೀನು ಮಾರುವವನಿದ್ದ. ಕೊನೆಯದಾಗಿ ಆ ಇಬ್ಬರು ಅಗಸರು, ಅವರ ನಡುವೆ ಗಾಳಿ ತುಂಬಿ ಉಬ್ಬಿದ ಚಾದರ. ಆ ಚಿತ್ರದೊಳಕ್ಕೆ ಮಾತ್ರ ರೀಲಿನ ಅಂಚಿನ ತೂತುಗಳಿಂದ ಬೆಳಕು ಬಾಚಣಿಗೆಯ ಹಲ್ಲುಗಳಂತೆ ಇಳಿದಿತ್ತು.

ಊರಿನ ಸ್ಟುಡಿಯೋದಲ್ಲಿ ಅಚ್ಚು ಹಾಕಿಸಿ ತಂದಾಗ ಆ ಕಪ್ಪು ಹಲ್ಲುಗಳು ಬೆಳ್ಳಗಿನ ಜ್ವಾಲೆಗಳಾಗಿ, ಚಾದರದ ಮಡಿಕೆಗಳಿಂದಲೇ ಹಗಲು ಹುಟ್ಟಿ ಹೊರಗೆ ಹರಿಯುತ್ತಿರುವಂತೆ ಕಂಡವು. ಅಕ್ಕೋರು ಅದನ್ನು ಕನ್ನಡಕ ಹಾಕಿ ನೋಡಿದರು, ಕನ್ನಡಕ ತೆಗೆದು ನೋಡಿದರು.

"ಚಲೋ ಐತ್ರೀ ಅಕ್ಕೋರೆ ನಿಮ್ಮ ಚಿತ್ರ" ಎಂದೆ, ಹೆದರುತ್ತಲೇ.

"ಇದು ನಾ ತೆಗೆದಿದ್ದಲ್ಲ. ನೀ ತೆಗೆದಿದ್ದೂ ಅಲ್ಲ" ಎಂದರು. "ಆ ಹೆಣ್ಮಗಳು ತೆಗೆದಿದ್ದು. ಹೋಗಿ ಕೊಟ್ಟು ಬಾ."

ಕೊಡಲು ಅವಳೆಲ್ಲಿ? ಭಾನುವಾರ ಬೆಳಗಿನಲ್ಲಿ ಮೈದಾನಕ್ಕೆ ಹೋದೆ, ಇರಲಿಲ್ಲ. ಮತ್ತೊಂದು ಭಾನುವಾರವೂ ಇರಲಿಲ್ಲ. ನನ್ನ ದೆಸೆಯಿಂದ ಕಲಿಯುವುದನ್ನೇ ಬಿಟ್ಟಳೇನೋ ಎಂಬ ಯೋಚನೆ, ಹಲ್ಲಿನ ಸಂದಿನಲ್ಲಿ ಸಿಕ್ಕ ನಾರಿನಂತೆ, ಯಾವಾಗಲೂ ಅಲ್ಲೇ ಇರುತ್ತಿತ್ತು.

ಅಷ್ಟರಲ್ಲಿ ಅಕ್ಕೋರ ಪ್ಲಾಸ್ಟರ್ ಬಿಚ್ಚಿದರು. ಚಿತ್ರ ತೆಗೆದವನು ನಾನೇ. ಎಲುಬು ಕೂಡಿತ್ತು, ಆದರೆ ತುಸು ವಾರೆಯಾಗಿ. ಕ್ಯಾಮೆರಾ ಹಿಡಿಯಬಲ್ಲರು, ಗುಂಡಿ ಒತ್ತಬಲ್ಲರು, ಆದರೆ ಹಿಡಿದ ಹಿಡಿತ ಅಲ್ಲಾಡದಂತೆ ಬಳೆ ತಿರುಗಿಸುವುದು ಆಗುತ್ತಿರಲಿಲ್ಲ. ಹೊಳೆಯ ದಂಡೆಯಲ್ಲಿ ಒಂದು ಸಂಜೆ ಅವರು ಮತ್ತೆ ಮತ್ತೆ ಯತ್ನಿಸಿ, ನೀರು ನೋಡುತ್ತ ಕುಳಿತಾಗ, ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಮಸೂರದ ಬಳೆಗೆ ಬೆರಳಿಟ್ಟೆ. ಅವರು ಕಿಂಡಿಗೆ ಕಣ್ಣಿಟ್ಟರು. "ಇನ್ನಷ್ಟು... ಇನ್ನಷ್ಟು... ಹಿಂದಕ್ಕೆ ಬಾ... ಸಾಕು." ನಾನು ನೋಡುತ್ತಿರಲಿಲ್ಲ, ಅವರು ತಿರುಗಿಸುತ್ತಿರಲಿಲ್ಲ, ಆದರೂ ಎಲ್ಲೋ ಎರಡು ಬಿಂಬಗಳು ಒಂದಾದವು. ಅಂದಿನಿಂದ ನಾವು ಹಾಗೆಯೇ ತೆಗೆಯುತ್ತೇವೆ. ಹರಿಹರದ ಜನ ಈ ಜೋಡಿಯನ್ನು ನೋಡಿ ನೋಡಿ ಈಗ ನೋಡುವುದನ್ನೇ ಬಿಟ್ಟಿದ್ದಾರೆ, ಅದೇ ನಮ್ಮ ದೊಡ್ಡ ಅನುಕೂಲ. ಯಾರದಾದರೂ ಮುಖ ಹತ್ತಿರದಿಂದ ಬೇಕಾದರೆ ಮೊದಲು ಕೇಳುತ್ತೇವೆ. ಬೇಡವೆಂದರೆ ಅಲ್ಲಿಯೇ ಚಹಾ ಕುಡಿದು ಬರುತ್ತೇವೆ.

ಆ ಹೆಣ್ಣುಮಗಳು ಸಿಕ್ಕಿದ್ದು ನಾನು ಹುಡುಕುವುದನ್ನು ಬಿಟ್ಟ ಮೇಲೆ, ಅದೂ ತರಕಾರಿ ಮಾರುಕಟ್ಟೆಯ ಮುಂದೆ. ಸೊಪ್ಪಿನ ಕಟ್ಟನ್ನು ಸ್ಕೂಟಿಯ ಕೊಕ್ಕೆಗೆ ಸಿಕ್ಕಿಸುತ್ತಿದ್ದವಳು ನನ್ನನ್ನು ನೋಡಿ, "ಕ್ಯಾಮೆರಾ ಸರ್!" ಎಂದಳು. ಜನ್ಮದಲ್ಲಿ ಮೊದಲ ಬಾರಿಗೆ, ಎದುರಿಗೆ ಸಿಕ್ಕವರ ಮುಖ ನನಗೆ ಅವರಿಗಿಂತ ಮೊದಲು ಗುರುತು ಹತ್ತಿತ್ತು.

"ಮನ್ಯಾಗೆ ಹೇಳಿದ್ರಾ?"

"ನಾನೇ ಹೇಳ್ದೆ ಸರ್. ಒಂದಿಷ್ಟು ದಿನ ಯಾರೂ ಮಾತಾಡ್ಲಿಲ್ಲ. ಆಮ್ಯಾಲೆ ನಮ್ಮತ್ತೆಗೆ ಮೊಣಕಾಲು ನೋವು ಬಂತು, ದವಾಖಾನಿಗೆ ಬಿಡು ಅಂದ್ರು. ಈಗ ದಿನಾ ಎಲ್ಲಿಗಾರ ಬಿಡು ಅಂತಾರೆ" ಎಂದು ನಕ್ಕಳು. ನಗು ಪೂರ್ತಿಯಾಗಿತ್ತು, ಸುತ್ತ ಎಲ್ಲೂ ಭಯದ ಅಂಚಿರಲಿಲ್ಲ. ಆಮೇಲೆ ಗಂಭೀರಳಾಗಿ, "ನಿಮ್ಮ ಅಕ್ಕೋರಿಗೆ ಬ್ಯಾಸರಾಯ್ತೇನ್ರಿ?" ಎಂದಳು.

ಚೀಲದಲ್ಲಿ ಅಷ್ಟು ದಿನವೂ ಹೊತ್ತು ತಿರುಗುತ್ತಿದ್ದ ಚಿತ್ರವನ್ನು ಅವಳ ಕೈಗಿಟ್ಟೆ. ಅಲ್ಲಾಡಿಸಿ, ಓರೆ ಮಾಡಿ ನೋಡಿದಳು.

"ಇದರಾಗೆ ನಾನೆಲ್ಲಿದೀನಿ?"

"ನೀವಿಲ್ಲ. ಆದ್ರೆ ಈ ಬೆಳಕು ಐತಲ್ಲ, ಇದು ಹೊಳೇದಲ್ಲ. ಅವತ್ತು ಮೈದಾನದಾಗೆ ನೀವು ಕ್ಯಾಮೆರಾ ತೆಗೆಸಿದಾಗ ಒಳಗೆ ಬಂದಿದ್ದು."

ಅವಳು ಬೆರಳಿನಿಂದ ಆ ಬಿಳಿಯ ಜ್ವಾಲೆಯನ್ನು ಮುಟ್ಟಿದಳು, ಬಿಸಿಯಿದೆಯೋ ಎಂದು ನೋಡುವವಳಂತೆ. ಸೊಪ್ಪಿನವಳು ಚಿಲ್ಲರೆ ಹಿಡಿದು ಕರೆಯುತ್ತಿದ್ದಳು, ಹಿಂದಿನಿಂದ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಅವಳಿಗೆ ಯಾವುದೂ ಕೇಳಿದಂತಿರಲಿಲ್ಲ.

"ಇದನ್ನ ಮನ್ಯಾಗೆ ಹಾಕಬೌದು" ಎಂದಳು ಕೊನೆಗೆ. "ಯಾರಾದ್ರೂ ಕೇಳಿದ್ರೆ, ನಾನೇ ಹೇಳ್ತೀನಿ."

ಸೀಟೆತ್ತಿ, ಟೊಮೆಟೊ ಚೀಲವನ್ನು ಪಕ್ಕಕ್ಕೆ ಸರಿಸಿ, ಚಿತ್ರವನ್ನು ಮಡಿಚಿದ ರೇನ್‌ಕೋಟಿನ ಒಳಗೆ ಜೋಪಾನವಾಗಿ ಇಟ್ಟಳು. ಹೆಲ್ಮೆಟ್ ಹಾಕಿಕೊಂಡಳು, ಈಗಿನದು ಅವಳ ತಲೆಗೆ ಸರಿಹೊಂದುವಂಥದ್ದು. ಬರ್ತೀನ್ರಿ ಎಂದು ತಲೆಯಾಡಿಸಿ ಹೊರಟವಳು, ಮಾರುಕಟ್ಟೆಯ ಮೂಲೆಯಲ್ಲಿ ಎಡಕ್ಕೆ ದೀಪ ಮಿನುಗಿಸಿ, ಬಲಕ್ಕೆ ತಿರುಗಿ, ಬಸ್ಸೊಂದರ ಬೈಗುಳವನ್ನು ಲೆಕ್ಕಿಸದೆ, ಬಿಸಿಲಿನೊಳಗೆ ಹೊರಟುಹೋದಳು.